ಕಂದು ನರ

ಈಶ್ವರಮ್ಮ ಜೋಳದ ಗಿಡದ ಸುತ್ತ ಕುಡುಗೋಲಿನ ಮೊನೆ ಆಡಿಸಿ, ಬೇರು ಅಲುಗದಂತೆ ಹೆಂಟೆ ಸಮೇತ ಎತ್ತಿದಳು. ಬದು ದಾಟಿ, ವಾರಗಿತ್ತಿ ಪ್ರತಿಮಾಳ ಹೊಲದಲ್ಲಿ ತೋಡಿಟ್ಟಿದ್ದ ಗುಳಿಗೆ ಇಳಿಸಿದಳು. ಆ ಗುಳಿಯಲ್ಲಿದ್ದ ಗಿಡ ಆಗಲೇ ಅವಳ ಹೊಲ ಸೇರಿತ್ತು. ಮೋಡ ಮುಸುಕಿದ್ದರಿಂದ ಬಾಡುವ ಭಯವಿರಲಿಲ್ಲ.

ಪ್ರತಿಮಾ ಬೆಳಿಗ್ಗೆಯೇ ಕಡೂರಿನ ಬಸ್ಸು ಹತ್ತಿದ್ದಳು.

"ಫೋಟೋ ಸ್ಟುಡಿಯೋಗೆ ಹೋಗ್ಬತ್ತೀನಿ ಅಕ್ಕ. ಬೋರ್ಡಿಗೆ ಬೇಕಂತೆ."

"ಬೋರ್ಡು ಯಾರಿಗೆ ಅಂತ ಇನ್ನೂ ಗೊತ್ತಾಗ್ಲಿಲ್ವಲ್ಲೇ?"

"ನಂಗೊತ್ತು" ಎಂದು ನಕ್ಕಿದ್ದಳು ಪ್ರತಿಮಾ.

ಆ ನಗು ಈಶ್ವರಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಹಿಂದಿನ ವಾರ ಅವಳು ನಾಮಕರಣದ ಆಲ್ಬಮ್ ಇಸಿದುಕೊಂಡು ಹೋದದ್ದು ಯಾಕೆಂದು ಆಗ ತಿಳಿಯಿತು. ತಾನು ಚೆನ್ನಾಗಿ ಕಾಣುವ ಫೋಟೋ ಹುಡುಕಿರಬೇಕು.

ಎಥನಾಲ್ ಕಂಪನಿಯ ವಿಜಯ್ ಮುಂಗಾರಿಗೆ ಮೊದಲು ಬಂದು ಇಬ್ಬರಿಗೂ ಒಂದೊಂದು ಪ್ಯಾಕೆಟ್ ಜೋಳ ಕೊಟ್ಟಿದ್ದ. ಎರಡೂ ಬೇರೆ ಬೇರೆ ಬೀಜ. ಕಂಪನಿಗೆ ಬೇಕಾದ ಗಿಡ ಯಾರ ಹೊಲದಲ್ಲಿ ಸಿಗುತ್ತದೋ ಅವರೇ ಬೀಜ ಬೆಳೆಗಾರರು. ರಸ್ತೆ ಪಕ್ಕ ಅವರ ಫೋಟೋ ಇರುವ ಬೋರ್ಡು. "ಹೇಗೇ ಇರಲಿ, ಯಾವ ಗಿಡವನ್ನೂ ಕಿತ್ತು ಎಸೀಬೇಡಿ" ಎಂದಷ್ಟೇ ಹೇಳಿದ್ದ. ಪ್ರತಿಮಾ ಬಿ.ಎಸ್ಸಿ. ಓದಿದವಳು. ಅವನನ್ನು ಆಚೆ ಕರೆದು ಇಂಗ್ಲಿಷಿನಲ್ಲಿ ಏನೇನೋ ಕೇಳಿದಳು. ಅವನು ಮೊದಲು ತಲೆ ಅಲ್ಲಾಡಿಸಿದ, ಆಮೇಲೆ ಒಪ್ಪಿದ. ಅವಳು ಎರಡೂ ಪ್ಯಾಕೆಟ್ ಕೈಗೆತ್ತಿಕೊಂಡು ಬಂದು, "ಇದು ನಿಮ್ಗೆ ಅಕ್ಕ" ಎಂದು ಒಂದನ್ನು ಕೊಟ್ಟಳು. ಆರಿಸಿಕೊಳ್ಳಿ ಎನ್ನಲಿಲ್ಲ.

ಚೌಳಹಿರಿಯೂರಿನಲ್ಲಿ ಜೋಳವೆಂದರೆ ಈಶ್ವರಮ್ಮ. ಸಾಲಿನಲ್ಲಿ ಬೀಜ ಹುಟ್ಟದ ಕಡೆ, ದಟ್ಟವಿದ್ದ ಕಡೆಯಿಂದ ಪೈರು ತಂದು ನೆಡಲು ಊರವರು ಅವಳನ್ನೇ ಕರೆಯುತ್ತಿದ್ದರು. ಅವಳು ನೆಟ್ಟ ಗಿಡಕ್ಕೆ ಜಾಗ ಬದಲಾದದ್ದೇ ತಿಳಿಯುತ್ತಿರಲಿಲ್ಲ. ಬುಡಕ್ಕೆ ಅಂಗೈಯಲ್ಲಿ ಒತ್ತಿ, ಬಟ್ಟಲಿನಂತೆ ಮಣ್ಣು ಏರಿಸುವುದು ಅವಳದೇ ರೀತಿ.

ಅಂಥವಳ ಹೊಲದಲ್ಲಿ ನಾಲ್ಕು ಗಿಡಕ್ಕೊಂದರಂತೆ ಎಲೆಯ ನಡುನರ ಕಂದಾಗಿತ್ತು. ಉಗುರಲ್ಲಿ ಒತ್ತಿದರೆ ಮೆತ್ತಗೆ ಇಳಿಯುತ್ತಿತ್ತು. ಬದುವಿನಾಚೆ ಪ್ರತಿಮಾಳ ಹೊಲದಲ್ಲಿ ಎಲ್ಲ ನರಗಳೂ ಬೆಳ್ಳಗಿದ್ದವು.

"ಏನವ್ವಾ, ಡಿಗ್ರಿ ಓದಿದ ಕೈ ಯಾವ್ದು ಅಂತ ಜೋಳಕ್ಕೂ ಗೊತ್ತಾಗೋಯ್ತಾ?" ಎಂದು ದಾರಿಯಲ್ಲಿ ಹೋಗುತ್ತಿದ್ದ ತಿಮ್ಮಕ್ಕ ಕೇಳಿದ್ದಳು.

ಈಶ್ವರಮ್ಮ ಕೊನೆಯ ಕಂದು ಗಿಡವನ್ನೂ ಸಾಗಿಸಿ, ಬುಡಕ್ಕೆ ಮಣ್ಣು ಏರಿಸಿ ಎದ್ದಳು. ರೋಗ ಇನ್ನು ಪ್ರತಿಮಾಳದು. ಸಂಜೆ ಪ್ರತಿಮಾ ಒಂದು ಲಕೋಟೆ ಹಿಡಿದು ಬಸ್ಸಿಳಿದಳು. ರಾತ್ರಿ ಹದವಾದ ಮಳೆ ಬಿತ್ತು.

ಮುಂದಿನ ವಾರ ವಿಜಯ್ ಅಜ್ಜಂಪುರದಿಂದ ಬೈಕಿನಲ್ಲಿ ಬಂದ. ಪ್ರತಿಮಾ ಲಕೋಟೆ ಹಿಡಿದು ತನ್ನ ಹೊಲದಲ್ಲಿ ನಿಂತಿದ್ದಳು. ಈಶ್ವರಮ್ಮನ ಸಾಲುಗಳ ನಡುವೆ ಬಗ್ಗಿ ಬಗ್ಗಿ ನಡೆದ. ಮುಖ ಸಪ್ಪಗಾಯಿತು. ಬದು ದಾಟಿ ಪ್ರತಿಮಾಳ ಹೊಲಕ್ಕೆ ಕಾಲಿಟ್ಟವನು ಒಂದು ಗಿಡದ ಮುಂದೆ ಕೂತೇಬಿಟ್ಟ. ಎಲೆಯನ್ನು ಬಿಸಿಲಿಗೆ ಹಿಡಿದ.

"ಸಿಕ್ತು."

"ರೋಗ ತಾನೆ?" ಈಶ್ವರಮ್ಮ ತಡೆಯಲಾರದೆ ಕೇಳಿದಳು.

"ರೋಗ ಅಲ್ಲಮ್ಮ. ಜೋಳದ ಕಡ್ಡಿ ಗಟ್ಟಿಯಾಗಿರೋದು ಲಿಗ್ನಿನ್ ಅನ್ನೋ ವಸ್ತುವಿನಿಂದ. ಒಂದು ಜೀನ್ ಬದಲಾಗಿ ಇವುಗಳಲ್ಲಿ ಅದು ಕಮ್ಮಿ. ಕಡ್ಡಿಯಿಂದ ಎಥನಾಲ್ ಇಳಿಸೋದು ಸಲೀಸು. ಗುರುತು ಇದೇ, ಈ ಕಂದು ನರ. ಮೊದಲೇ ಹೇಳಿದ್ರೆ ಬೇರೆ ಗಿಡ ಯಾರೂ ನೋಡ್ಕೊಳ್ಳಲ್ಲ ಅಂತ ಸುಮ್ಮನಿದ್ದೆ."

ಈಶ್ವರಮ್ಮ ಬದುವಿನಾಚೆಯೇ ನಿಂತು, ತಾನು ಸಾಗಿಸಿದ ಗಿಡಗಳನ್ನು ನೋಡಿದಳು.

"ಎರಡರಲ್ಲಿ ಒಂದೇ ಪ್ಯಾಕೆಟ್ಟಲ್ಲಿ ಈ ಬೀಜ ಇದ್ದದ್ದು" ಎಂದು ವಿಜಯ್ ಕೈ ಕೊಡವಿಕೊಂಡ. "ಯಾವುದು ಅಂತ ಪ್ರತಿಮಾ ಅವರು ಬಿಡದೆ ಕೇಳಿ ತಿಳ್ಕೊಂಡ್ರು. ಯಾರು ಬಿತ್ತಬೇಕು ಅನ್ನೋದನ್ನೂ ಅವರಿಗೇ ಬಿಟ್ಟೆ. ಜಾಣರು, ತಾವೇ ಇಟ್ಕೊಂಡಿದ್ದಾರೆ. ಬೋರ್ಡು ನಿಮ್ಮದೇ ಪ್ರತಿಮಾ ಮೇಡಂ. ಫೋಟೋ?"

ಪ್ರತಿಮಾ ಕಂದು ಗಿಡಗಳ ಬುಡದಲ್ಲಿ ಬಟ್ಟಲಿನಂತೆ ಏರಿಸಿದ್ದ ಮಣ್ಣನ್ನೇ ನೋಡುತ್ತಿದ್ದಳು. ಒಂದು ಬುಡ, ಇನ್ನೊಂದು, ಮತ್ತೊಂದು. ಆಮೇಲೆ ಬದುವಿನಾಚೆ ನಿಂತವಳನ್ನು ನೋಡಿದಳು.

"ತಂದಿದೀನಿ ಸರ್" ಎಂದು ಲಕೋಟೆ ಕೊಟ್ಟಳು.

ವಿಜಯ್ ಹೊರತೆಗೆದ ಫೋಟೋದಲ್ಲಿ, ನಾಮಕರಣದ ದಿನದ ಹಸಿರು ರೇಷ್ಮೆ ಸೀರೆಯುಟ್ಟು, ಈಶ್ವರಮ್ಮ ನಗುತ್ತಿದ್ದಳು.