ತಾತನ ತಂಬೂರಿಗೆ ಹಾಕಿದ ಅರಗು

ಮೊಮ್ಮಗನ ಸೀಳುಬಿಟ್ಟ ಗಿಟಾರನ್ನು ರಿಪೇರಿಗೆ ಕೊಡಲು ಹೋದ ನಾನು, ಅಂಗಡಿಯೊಳಗಿಂದ ಬಂದ ತೊಗಲಂಟಿನ ವಾಸನೆಗೆ ಹೊರಗೇ ನಿಂತುಬಿಟ್ಟೆ.

ನಾನು ಚಿಕ್ಕ ಹುಡುಗನಾಗಿದ್ದಾಗ ಮಹಾರಾಜರ ಕಾಲ. ತಾತನ ತಂಬೂರಿಯ ಬುರುಡೆ ಬಿರುಕು ಬಿಟ್ಟಿತ್ತು. ಹುಣಸೂರಿನಲ್ಲಿ ವಾದ್ಯ ಸರಿಮಾಡುವ ಬುಡನ್ ಸಾಬರ ಬಳಿ ನನ್ನನ್ನೂ ತಂಬೂರಿಯನ್ನೂ ಬಿಟ್ಟು ತಾತ ಸಂತೆಗೆ ಹೋದರು. ಒಲೆಯ ಮೇಲೆ ಯಾರದೋ ಹಾರ್ಮೋನಿಯಂಗೆಂದು ತೊಗಲು ಬೇಯಿಸಿದ ಅಂಟು ಕುದಿಯುತ್ತಿತ್ತು.

“ಇದು ನಿಮ್ಮನೇದಕ್ಕೆ ಬ್ಯಾಡ ಕಣ್ ಮಗ. ಲಿಂಗಪೂಜೆ ಕೋಣೇಲಿರೋ ತಂಬೂರಿ, ಅರಗೇ ಹಾಕ್ತೀನಿ. ನೀನು ಆ ಗಡಿಗೆ ಮುಟ್ಬ್ಯಾಡ,” ಎಂದರು ಸಾಬರು. ಅರಗು ಕರಗಿ ಬಿರುಕಿಗಿಳಿಯಿತು. ಮೇಲೆ ಕರಿಬಣ್ಣ ಬಳಿದರು. ಅವರು ಆ ಕಡೆ ತಿರುಗಿದಾಗ ನಾನು ಅಂಟಿನ ಗಡಿಗೆಗೆ ಬೆರಳದ್ದಿದೆ.

ಮನೆಗೆ ಬಂದ ಕೂಡಲೇ ಅಜ್ಜಿ ಮೂಗು ಮುಚ್ಚಿಕೊಂಡಳು. “ಏನ್ಲಾ ಇದು, ಸತ್ತ ದನದ ನಾತ?”

ಏಟಿಗೆ ಹೆದರಿ ಬೆರಳು ಮಡಚಿಕೊಂಡೆ. “ಸಾಬ್ರು ತಂಬೂರಿಗೆ ತೊಗಲಂಟು ಹಾಕುದ್ರು.”

ತಾತ ತಂಬೂರಿಯನ್ನು ಕೊಟ್ಟಿಗೆಯಲ್ಲಿ ತೂಗುಹಾಕಿದರು. ಅವರು ದಿನಾ ಬೆಳಿಗ್ಗೆ ಹಾಡುತ್ತಿದ್ದ ಪದ ನಿಂತಿತು.

ಮುಂದಿನ ವಾರ ಸಾಬರೇ ಬಂದರು. “ಸ್ವರ ಎಂಗದೆ ಸ್ವಾಮಿ?”

“ನೀವು ತೊಗಲಂಟು ಹಾಕಿದ್ದ ಮಗ ಹೇಳ್ತು. ನಿಮ್ಮನ್ನ ನಂಬಿದ್ನಲ್ಲ ಸಾಬ್ರೇ,” ಎಂದರು ತಾತ.

ಸಾಬರು ನನ್ನ ಕಡೆ ನೋಡಿದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮೂಲೆಯಲ್ಲಿ ಅಜ್ಜಿ ನನಗೆ ಬಾರಿಸುವ ಹುಣಸೆ ಬರಲು ಇತ್ತು. ಅವರು ಅದನ್ನೂ ನೋಡಿದರು.

“ತಪ್ಪಾಯ್ತು ಬುಡಿ ಸ್ವಾಮಿ,” ಎಂದು, ತಂದಿದ್ದ ಹೊಸ ತಂತಿಯ ಸುರುಳಿಯನ್ನು ಜಗಲಿಯ ಮೇಲಿಟ್ಟು ಹೊರಟುಹೋದರು.

ತಾತ ಅದನ್ನು ಮುಟ್ಟಲಿಲ್ಲ. ಅದು ಅಲ್ಲೇ ತುಕ್ಕು ಹಿಡಿಯುವುದನ್ನು ನಾನು ದಿನವೂ ನೋಡಿದೆ.