ಪೆನಿನಾ ಅಂಗಳದ ಗೋರಿ

ಕಿಸುಮು ಪಟ್ಟಣದ ಪಕ್ಕದ ಕೋಗ್ವೆನೊ ಊರಲ್ಲಿ ಸಭೆ ಸೇರಿದ್ರೆ ದೊಡ್ಡಕೆರೆಯ ಮೀನುಗಳೂ ದಡಕ್ಕೆ ಬಂದು ಕಿವಿ ಕೊಡ್ತವೆ. ಇದು ಅರ್ಧ ಸುಳ್ಳು ಬಿಡಿ. ಮೀನು ಬರಲ್ಲ, ಮೀನು ಹಿಡಿಯೋರು ಬಲೆ ಬಿಸಾಕಿ ಬರ್ತಾರೆ. ಅವತ್ತೂ ಬಂದಿದ್ರು. ಮಾವಿನಮರದ ಕೆಳಗೆ ಊರ ಸಾಹುಕಾರ ಒಗುತು ಕೂಗಾಡ್ತಿದ್ದ. ಅವನ ದನಿಗೆ ಕಾಯಿ ಉದುರ್ತಿದ್ವು.

"ಅಗೀರಿ ಆ ಗೋರೀನ! ಒಳಗೆ ಹೆಣ ಇದ್ರೆ ನಾನೇ ಅದರ ಪಕ್ಕ ಮಲಗ್ತೀನಿ!"

"ನಿನ್ನ ಹೊಟ್ಟೆಗೆ ಅಲ್ಲಿ ಜಾಗ ಸಾಲಲ್ಲ ಕಣೋ," ಅಂದ್ಲು ಪೆನಿನಾ ಮುದುಕಿ, ಕೂತಲ್ಲಿಂದಲೇ.

ಜನ ಹೋ ಅಂತು. ಗುಂಪಿನ ಹಿಂದೆ ಅಳತೆಕೋಲು ಹಿಡಿದು ನಿಂತಿದ್ದ ಮೂಸಾಗೂ ನಗು ತಡೀಲಿಲ್ಲ. ಯೋಜನೆ ಕಚೇರಿಯ ನೆಕೇಸಾ ಮೇಡಂಗೆ ಈ ಊರಿನ ಲುವೋ ಮಾತು ಬರದು. ಯಾರೋ ಸ್ವಾಹಿಲಿಯಲ್ಲಿ ಹೇಳಿದ ಮೇಲೆ ಅವರೂ ತುಟಿ ಅಗಲಿಸಿದ್ರು.

ವಿಷಯ ಇಷ್ಟೇ. ಕೋಗ್ವೆನೊ ಇಷ್ಟು ದಿನ ಮನೆಗಳ ಜಾಗ. ಇನ್ನು ಮೇಲೆ ಅಂಗಡಿಗಳ ಜಾಗ, ನಡುವೆ ಆನೆ ಹಿಂಡು ಸಾಲಾಗಿ ಹೋಗೋವಷ್ಟು ಅಗಲದ ರಸ್ತೆ. ನಕ್ಷೇಲಿ ಆ ರಸ್ತೆ ಪೆನಿನಾ ಮನೇನ ಸೀಳಿಕೊಂಡು ಹೋಗ್ತಿತ್ತು. ಆದರೆ ಗೋರಿ ಇರೋ ಅಂಗಳ ಮುಟ್ಟಬಾರದು ಅಂತ ಯೋಜನೇಲೇ ಬರೆದಿದೆ. ಪೆನಿನಾ ಅಂಗಳದಲ್ಲಿ ಗಂಡನ ಗೋರಿ ಇತ್ತು. ಅದು ಉಳಿದ್ರೆ ರಸ್ತೆ ಬಾಗಬೇಕು. ಬಾಗಿದ್ರೆ ಒಗುತು ಕಟ್ಟಿಸ್ತಿರೋ ಪೆಟ್ರೋಲ್ ಬಂಕಿನ ಮೇಲೇ.

ಮೂಸಾ ತಲೆ ತಗ್ಗಿಸಿದ. ಕರಾವಳಿ ಕಡೆ ಟೋಪಿ, ಗೋರಂಟಿ ಹಚ್ಚಿದ ಗಡ್ಡ, ಒಂದು ಕಣ್ಣಿಗೆ ಪೊರೆ. ಅಳತೆಯವರ ಜೊತೆ ಹೊಸದಾಗಿ ಸೇರಿದ್ದ. ಹಿಂದಿನ ದಿನ ಒಗುತು ಅಳತೆಯವರಿಗೆಲ್ಲ ಕರಿದ ಮೀನು, ಉಗಾಲಿ ಮುದ್ದೆ ಬಡಿಸಿದ್ದ. ಮೂಸಾನೂ ಉಂಡಿದ್ದ.

ಅವತ್ತು ಬೆಳಗ್ಗೆ ರಸ್ತೆ ಗುರುತಿನ ಗೂಟ ಹೊಡೆಯೋಕೆ ಹೋದಾಗ ಪೆನಿನಾ ಮನೆ ಗೇಟು ಕಚ್ಚಿಕೊಂಡಿತ್ತು. ಉಳಿದೋರು ತಳ್ಳಿ ತಳ್ಳಿ ಬೆವೆತ್ರು. ಮೂಸಾ ಸ್ವಲ್ಪ ಮೇಲೆತ್ತಿ ತಳ್ಳಿದ, ತೆರೀತು. ಬಾಗಿಲ ಮುಂದೇ ಗೂಟ ಊರಿ ಸುತ್ತಿಗೆ ಎತ್ತಿದ.

"ಹೊಡಿಯಪ್ಪಾ, ಹೊಡಿ," ಅಂದಿದ್ಲು ಅವಳು ಹೊಸ್ತಿಲ ಮೇಲೆ ನಿಂತು. "ನನ್ನ ಎದೆಗೇ ಹೊಡೀತಿದ್ದೀನಿ ಅಂದ್ಕೊಂಡು ಹೊಡಿ, ಗಟ್ಟಿಯಾಗಿ ಕೂರುತ್ತೆ."

ಅವನು ಹೊಡೆದಿದ್ದ.

"ಮೇಡಂ, ಅದರೊಳಗೆ ಇರೋದು ಯಾಗೊ ಮರದ ಉದ್ದನೆ ಕಾಯಿ!" ಒಗುತು ಬಿಡಲಿಲ್ಲ. "ಇವಳ ಗಂಡ ಜಬ್ಲಾನ್ ಅಬುಟೊ ಕರಾವಳಿಗೆ, ಮೊಂಬಾಸಾಕ್ಕೆ ಓಡಿಹೋದೋನು. ರಸ್ತೆ ಸುದ್ದಿ ಬಂದ ಮೇಲೆ ಇವಳು ಕಾಯಿ ಹೂತು ಗೋರಿ ಕಟ್ಟಿದ್ಲು. ಸಿಮೆಂಟು ಇನ್ನೂ ಹಸಿ ಇದೆ!"

"ಹೌದು, ಕಾಯೀನೇ," ಅಂದ್ಲು ಪೆನಿನಾ. "ಹೆಣ ಸಿಗದೆ ಹೋದೋರಿಗೆ ಯಾಗೊ ಕಾಯಿ ಹೂಳೋದು ನಮ್ಮ ಪದ್ಧತಿ. ನಿಮ್ಮ ತಾತನಿಗೂ ಹೂತಿದ್ರು, ಕೇಳ್ಕೊಂಡು ಬಾ."

"ನಮ್ಮ ತಾತನ್ನ ಮೊಸಳೆ ನುಂಗಿದ್ದು ಊರೇ ನೋಡಿತ್ತು. ನಿನ್ನ ಗಂಡ ಸತ್ತಿದ್ದು ಯಾರು ನೋಡಿದ್ರು?"

ಮುದುಕಿ ಗುಂಪಿನ ಮುಖಗಳನ್ನ ಒಂದೊಂದಾಗಿ ನೋಡಿದ್ಲು. ಅಬುಟೊನ ಕಂಡಿದ್ದ ಹಳಬರೆಲ್ಲ ಮಣ್ಣು ಸೇರಿದ್ರು. ಈಗಿನೋರೆಲ್ಲ ಸಂತೆ ಬೆಳೆದಂತೆ ಬಂದು ತುಂಬಿಕೊಂಡೋರು.

ಮೇಡಂ ಪೆನ್ನಿನ ಮುಚ್ಚಳ ತೆಗೆದ್ರು. "ಸತ್ತಿದ್ದಕ್ಕೆ ಸಾಕ್ಷಿ ಇದ್ರೆ ಗೋರಿ. ಇಲ್ದಿದ್ರೆ ಬರೀ ಕಲ್ಲು. ಅಮ್ಮಾ, ಯಾರಾದ್ರೂ ಇದ್ದಾರಾ?"

ಗುಂಪಿನ ಹಿಂದೆ ಯಾರೋ ಅಳತೆಕೋಲು ಕೆಳಗಿಟ್ಟ ಸದ್ದಾಯ್ತು.

"ನಾನಿದ್ದೀನಿ," ಅಂದ ಮೂಸಾ, ಸ್ವಾಹಿಲಿಯಲ್ಲಿ.

ಒಗುತು ಹಾವು ತುಳಿದೋನ ಹಾಗೆ ತಿರುಗಿದ. "ನನ್ನ ಮೀನು ತಿಂದು ನನಗೇ ಮುಳ್ಳು ಚುಚ್ತೀಯೇನೋ?"

"ಮೊಂಬಾಸಾದಲ್ಲಿ ಅಬುಟೊ, ನಾನು ಒಂದೇ ದೋಣೀಲಿದ್ವಿ. ಹೆಂಡ್ತಿಗೆ ಒಂದು ಸುದ್ದಿ ಕಳಿಸದ ಚಂಡಾಲ. ನಾಳೆ ಊರಿಗೆ ಹೋಗ್ತೀನಿ ಅಂತ ದಿನಾ ಅಂತಿದ್ದ. ನಾಚಿಕೆಗೆ ಹೋಗ್ಲಿಲ್ಲ. ಒಂದಿನ ನೀರಿನ ಪಾಲಾದ. ಹೆಣ ಸಿಗಲಿಲ್ಲ."

"ನೀನು ಕಣ್ಣಾರೆ ನೋಡಿದ್ಯಾ?" ಅಂದ ಒಗುತು.

"ನನಗಿಂತ ಹತ್ತಿರದಿಂದ ಯಾರೂ ನೋಡಿಲ್ಲ."

"ಹಾಗಿದ್ರೆ ಗೋರಿ ಮುಟ್ಟಿ ಆಣೆ ಇಡು!"

ಗೋರಿ ಮುಟ್ಟಿ ಸುಳ್ಳಾಣೆ ಇಟ್ಟೋನು ಮುಂದಿನ ಮಳೆ ನೋಡಲ್ಲ ಅಂತ ಕೋಗ್ವೆನೊದ ಕೂಸಿಗೂ ಗೊತ್ತು. ಇಡೀ ಸಭೆ ಎದ್ದು ಪೆನಿನಾ ಅಂಗಳಕ್ಕೆ ಬಂತು. ಮೂಸಾ ಮಂಡಿಯೂರಿದ. ಟೋಪಿ ತೆಗೆದ. ಎರಡೂ ಅಂಗೈ ಗೋರಿ ಮೇಲಿಟ್ಟ.

"ಈ ಮಣ್ಣಾಣೆ. ಜಬ್ಲಾನ್ ಅಬುಟೊ ಇನ್ಯಾವತ್ತೂ ಈ ಮನೆಗೆ ಬರಲ್ಲ. ಬಂದ್ರೆ ಈ ಮಣ್ಣು ನನ್ನನ್ನೇ ತಿನ್ನಲಿ."

ಸಾಕಾಯ್ತು. ಮೇಡಂ ನಕ್ಷೇಲಿ ಗೆರೆ ಬಗ್ಗಿಸಿದ್ರು. ಒಗುತು ಉಗಿದು ಹೊರಟ. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಹಾಕಿದ ಸದ್ದಿಗೆ ಕೆರೆಯ ಆಚೆ ದಡದ ಕೋಳಿಗಳು ಮೊಟ್ಟೆ ಇಟ್ಟವಂತೆ. ಮೂಸಾ ತಾನು ಹೊಡೆದ ಗೂಟವನ್ನ ತಾನೇ ಕಿತ್ತ.

ಪೆನಿನಾ ತಂಬಿಗೇಲಿ ನೀರು ತಂದ್ಲು. ಅವನ ಮುಖ ನೋಡಲಿಲ್ಲ.

"ಸಾವಿನ ಸುದ್ದಿ ತಂದೋನು ಹೊಸ್ತಿಲು ದಾಟಬಾರದು," ಅಂದ್ಲು, ಮೆತ್ತಗೆ, ಲುವೋದಲ್ಲಿ. "ಇಲ್ಲೇ ಕೈ ತೊಳಕೊಂಡು ಹೋಗು."

ಅವಳು ನೀರು ಹುಯ್ದಳು, ಅವನು ಕೈ ಒಡ್ಡಿದ. ತಂಬಿಗೆ ಖಾಲಿಯಾಯ್ತು. ಅವಳು ಮತ್ತೆ ತುಂಬಿಸಿಕೊಂಡು ಬಂದು ಮತ್ತೆ ಹುಯ್ದಳು. ಆಮೇಲೆ ಅವನು ಅಳತೆಯವರ ಜೀಪು ಹತ್ತಿದ.

ಕರಾವಳಿ ಹುಡುಗೀನ ಕಟ್ಕೊಂಡು, ಅವಳ ಮತ ಸೇರಿ ಮೂಸಾ ಆಗೋಕೆ ಮುಂಚೆ, ಹೆತ್ತವ್ವ ಅವನಿಗೆ ಇಟ್ಟಿದ್ದ ಹೆಸರು ಜಬ್ಲಾನ್ ಅಬುಟೊ. ಪೆನಿನಾಗೆ ಗೊತ್ತಾಗಿದ್ದು ಯಾವಾಗ? ಅದನ್ನ ಈಗ ನೀವೇ ಹೇಳಿ, ನೋಡೋಣ.