ಹದಿನಾಲ್ಕನೇ ನಂಬರ್ ಮನೆಯ ದೂರು

ಬೇಲಿಯ ಕಂಬದಿಂದ ಸದ್ದು ಅಳೆಯುವ ಮೈಕನ್ನು ಬಿಚ್ಚಿ, ಹತ್ತು ಹೆಜ್ಜೆ ಆಚೆ ಸಿಮೆಂಟಿನ ನೀರಿನ ಟ್ಯಾಂಕಿನ ಹಿಂದೆ ಕಟ್ಟುವಾಗ ಅವನನ್ನು ಯಾರೂ ನೋಡಲಿಲ್ಲ. ರಸ್ತೆಯಾಚೆ ಹದಿನಾಲ್ಕನೇ ನಂಬರ್ ಮನೆಯ ಕಿಟಕಿ ಮುಚ್ಚಿತ್ತು. ಆದರೂ ಆ ಕಿಟಕಿಗೆ ಬೆನ್ನು ಹಾಕಿಯೇ ಕೆಲಸ ಮುಗಿಸಿದ.

ಅದು ಸಂಗೀತೋತ್ಸವದ ಮೊದಲ ದಿನ. ಮೈದಾನ ಬಿಟ್ಟುಕೊಡುವಾಗ ಆಡಳಿತದವರು ಹಾಕಿದ್ದ ಷರತ್ತು ಒಂದೇ: ಹತ್ತಿರದ ಮನೆಯ ಬಳಿ ಸದ್ದು ಅರವತ್ತೈದು ಡೆಸಿಬಲ್ ದಾಟಕೂಡದು. ದಾಟಿದರೆ ಪರವಾನಗಿ ರದ್ದು. ಕಂಬದ ಬಳಿ ಎಪ್ಪತ್ತೊಂದು ಬರುತ್ತಿತ್ತು. ಟ್ಯಾಂಕಿನ ಮರೆಯಲ್ಲಿ ಅರವತ್ನಾಲ್ಕು. ಮೈಕು ತಾನು ಕೇಳಿದ್ದನ್ನೇ ಹೇಳಿತು. ಎಲ್ಲಿ ನಿಂತು ಕೇಳಬೇಕು ಅನ್ನುವುದು ಅವನ ಕೈಯಲ್ಲಿತ್ತು.

ಎಲ್ಲರೂ ಅವನನ್ನು ಸೌಂಡು ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದ ಕೆಲಸ. ಹಿಂದೆಂದೂ ಮೈಕು ಸರಿಸಿದವನಲ್ಲ. ಆ ಮಧ್ಯಾಹ್ನವೆಲ್ಲ ಡ್ರಮ್ಮು ಎದೆಗೇ ಬಡಿಯುವಷ್ಟು ಜೋರಾಗಿ ಸದ್ದು ಏರಿಸಿಟ್ಟ. ಒಂದೇ ಒಂದು ದೂರು ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತು ಅನಿಸಿತು.

ದೂರು ಬಂದದ್ದು ಎರಡನೆಯ ದಿನ. ದೂರಿನ ಫೋನಿನ ಮುಂದೆ ಕೂತವರು ಅವನ ಅತ್ತಿಗೆ. ಅವನೇ ಹೇಳಿ ಕೊಡಿಸಿದ್ದ ಕೆಲಸ. ವಾಕಿಟಾಕಿಯಲ್ಲಿ ಅವರ ದನಿ ಬಂತು.

"ಒಂದೂ ನಲವತ್ತು. ಹದಿನಾಲ್ಕನೇ ನಂಬರ್."

"ಏನಂದ್ರು ಅತ್ತಿಗೆ?"

"ಹೆಂಗಸು. ಗಂಡನಿಗೆ ಹುಷಾರಿಲ್ಲ, ನಿದ್ದೆ ಇಲ್ಲ, ನಿಮ್ಮ ಸೌಂಡು ಅಂತ ಶುರು ಮಾಡಿದ್ರು. ಹೇಳ್ತೀನಮ್ಮ ಅಂತ ಇಟ್ಟೆ. ಇನ್ನಿಬ್ಬರು ಕಾಯ್ತಿದ್ರು. ಒಬ್ಬರದ್ದು ಪಾರ್ಕಿಂಗು, ಇನ್ನೊಬ್ಬರದ್ದು ನಾಯಿ ಕಳೆದುಹೋಗಿದೆ."

"ಪೂರ್ತಿ ಬರ್ಕೊಳ್ಳಿ."

"ಎಲ್ಲಪ್ಪಾ ಬರೀಲಿ? ನಿಮ್ಮವರು ಕೊಟ್ಟ ಪುಸ್ತಕದಲ್ಲಿ ಮೂರೇ ಕಾಲಂ. ಹೊತ್ತು, ಮನೆ, ಏನು ಕ್ರಮ. ಸೌಂಡಿನ ದೂರಿಗೆ ಕಾರಣ ಬೇರೆ ಬೇಕಾ?"

ಆಗ ವೇದಿಕೆ ಖಾಲಿಯಿತ್ತು. ಒಂದು ತಂಡ ಇಳಿದು ಇನ್ನೊಂದು ಏರುವ ಬಿಡುವು. ಗದ್ದಲದಲ್ಲಿ ಫೋನು ಕೇಳಿಸದೆಂದು ಪಾಪ ಇಷ್ಟು ಹೊತ್ತು ಕಾದಿದ್ದಾರೆ ಎಂದುಕೊಂಡ. ತನ್ನ ಮಗಳು ಹುಟ್ಟಿದ ವರ್ಷ, ಮೇಲಿನ ಮನೆಯವರ ರೇಡಿಯೊ ನಿಲ್ಲಿಸಿ ಎಂದು ಬೇಡಿಕೊಳ್ಳಲು ಮೆಟ್ಟಿಲು ಹತ್ತಿದ್ದವನು ಅವನೇ. ಮುಂದಿನ ತಂಡಕ್ಕೆ ಮೂರು ಡೆಸಿಬಲ್ ಇಳಿಸಿದ.

ಎರಡೂ ಮೂವತ್ತು. ಹದಿನಾಲ್ಕನೇ ನಂಬರ್. ಇನ್ನೂ ಇಳಿಸಿದ.

ಎರಡೂ ಐವತ್ತು. ಹದಿನಾಲ್ಕನೇ ನಂಬರ್.

ಆಯೋಜಕಿ, ಸದ್ದು ಏರಿಸಿ ಇಳಿಸುವ ಮಿಕ್ಸರ್ ಇದ್ದ ಡೇರೆಗೆ ನುಗ್ಗಿದರು. "ಏನ್ರೀ ಸೌಂಡು, ಜನ ಟಿಕೆಟ್ ತಗೊಂಡು ಪಿಸುಮಾತು ಕೇಳೋಕೆ ಬಂದಿದ್ದಾರಾ? ಮೀಟರ್ ನೋಡಿ, ಐವತ್ತೊಂಬತ್ತು!"

"ಮೀಟರಿಗೆ ನಿದ್ದೆ ಬೇಕಾಗಿಲ್ಲ ಮ್ಯಾಡಂ."

"ಏನಾಗಿದೆ ನಿಮಗೆ? ಮುಖ ನೋಡಿದ್ರೆ ನೀವೇ ನಾಯಿ ಕದ್ದ ಹಾಗಿದೆ."

ಅವನು ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ. ಅವರು ಹೋದದ್ದೇ ತಡ, ಟ್ಯಾಂಕಿನ ಹಿಂದಿನ ಮೈಕನ್ನು ತಂದು ಮತ್ತೆ ಕಂಬಕ್ಕೆ ಕಟ್ಟಿದ. ಅಲ್ಲಿ ಅರವತ್ತಕ್ಕೆ ಬರುವವರೆಗೂ ಸದ್ದು ಇಳಿಸಿದ. ಹಾಡುಗಾರ ಮೈಕಿನಿಂದ ಮುಖ ಸರಿಸಿ ಡೇರೆಯ ಕಡೆ ಕಣ್ಣು ಬಿಟ್ಟ. ಮುಂದಿನ ಸಾಲಿನವರು ಹರಟತೊಡಗಿದರು. ಅವರ ಹರಟೆ ಹಾಡಿಗಿಂತ ಸ್ಪಷ್ಟವಾಗಿತ್ತು. ಎರಡು ದಿನದಲ್ಲಿ ಮೊದಲ ಸಲ ಅವನು ನೆಟ್ಟಗೆ ಉಸಿರಾಡಿದ.

"ಮೂರೂ ಹತ್ತು," ಎಂದರು ಅತ್ತಿಗೆ. "ಮೂರೂ ಹದಿನಾಲ್ಕು. ಮೂರೂ ಹದಿನೇಳು. ಈ ಸಲ ಅಳ್ತಾ ಇದ್ರಪ್ಪಾ. ಮಾತೇ ಅರ್ಥ ಆಗ್ಲಿಲ್ಲ."

ಮಿಕ್ಸರನ್ನು ಜೊತೆಯವನಿಗೆ ಒಪ್ಪಿಸಿ ಅವನು ರಸ್ತೆ ದಾಟಿದ. ಹೇಳಿಬಿಟ್ಟರೆ ಉತ್ಸವ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಅವನನ್ನು ಮದುವೆಯ ಮೈಕಿಗೂ ಯಾರೂ ಕರೆಯುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೇ ಬಾಗಿಲು ತಟ್ಟಿದ.

ತೆರೆದ ಹೆಂಗಸಿನ ಕಣ್ಣುಗಳು ಕೆಂಪಗೆ ಊದಿದ್ದವು. ಅವಳ ಹಿಂದೆ, ಪರದೆ ಎಳೆದ ಕೋಣೆಯಲ್ಲಿ, ಗಂಡಸೊಬ್ಬ ಮಂಚದ ಅಂಚಿಗೆ ಕೂತಿದ್ದ. ಎರಡೂ ಅಂಗೈ ಕಿವಿಗೆ ಒತ್ತಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ.

"ಮೈದಾನದವರಾ?" ಎಂದಳು. "ಅಂತೂ ಬಂದ್ರಲ್ಲ."

"ಅಮ್ಮಾ, ನಾನೇ ಸೌಂಡಿನವನು. ನಿನ್ನೆ ಮೋಸ ಮಾಡಿದೆ. ಅಳತೆಯ ಮೈಕನ್ನ ಮರೆಗೆ ಇಟ್ಟು ಮಿತಿಗಿಂತ ಜೋರಾಗಿ ಹಾಕಿದೆ. ದೂರು ಬರ್ಕೊಡಿ, ನಾನೇ ಸಹಿ ಹಾಕ್ತೀನಿ."

"ನಿನ್ನೇದು ಬಿಡಿ. ಇವತ್ತು—"

"ಗೊತ್ತು. ಇವತ್ತೂ ತಪ್ಪಾಯ್ತು. ಒಂದು ನಿಮಿಷ." ಅವಳನ್ನು ಮುಂದೆ ಮಾತಾಡಲು ಬಿಡಲಿಲ್ಲ, ಅವಳ ಬಾಯಿಂದ ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ವಾಕಿಟಾಕಿ ತೆಗೆದ. "ಪೂರ್ತಿ ನಿಲ್ಲಿಸು. ಹೌದು, ಹಾಡಿನ ಮಧ್ಯಕ್ಕೇ. ನನ್ನ ಜವಾಬ್ದಾರಿ."

ಮೈದಾನ ಒಮ್ಮೆಲೇ ಬಾಯಿ ಮುಚ್ಚಿತು. ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳುವಷ್ಟು ನಿಶ್ಶಬ್ದ. ಪಾಪ ತೊಳೆದಂತಾಗಿ ಅವನು ಕೋಣೆಯತ್ತ ನೋಡಿದ.

ಮಂಚದ ಮೇಲಿನ ಗಂಡಸು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ್ದ.

"ಅಯ್ಯೋ ಕಟುಕಾ," ಅವಳು ಅವನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು, "ಕಾರ್ಖಾನೆ ಬಿಟ್ಟಾಗಿಂದ ಆ ಕಿವಿಯೊಳಗೆ ಹಗಲೂ ರಾತ್ರಿ ಸಿಳ್ಳೆ, ನಿನ್ನೆ ನಿಮ್ಮ ಗದ್ದಲದಲ್ಲಿ ಅದು ಮುಳುಗಿ ಹನ್ನೊಂದು ತಿಂಗಳಾದ ಮೇಲೆ ಮೊದಲ ಸಲ ಕಣ್ಣು ಮುಚ್ಚಿದ್ರು, ಮಧ್ಯಾಹ್ನದಿಂದ ಫೋನ್ ಮೇಲೆ ಫೋನ್ ಮಾಡಿ ಬೇಡ್ಕೋತಿದೀನಿ, ನಿನ್ನೆಯಷ್ಟೇ ಜೋರಾಗಿ ಹಾಕ್ರಪ್ಪಾ ಅಂತ!"